ಸ್ವಯಂ ದಿಕ್ಕುಬದಲು ಕವಾಟ

ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ತನ್ನ ಓಟದ ತುದಿ ಮುಟ್ಟಿದೊಡನೆ, ಯಾರ ಕೈಯೂ ಸೋಕದೆ, ಎಣ್ಣೆಯ ಹರಿವನ್ನು ಅದಲುಬದಲು ಮಾಡಿ ಪಿಸ್ಟನ್ನನ್ನು ಹಿಂದಕ್ಕೆ ಹೊರಡಿಸುವ ಕವಾಟ. ಗ್ರೈಂಡಿಂಗ್ ಯಂತ್ರದ ಮೇಜು ಬೆಳಗಿನಿಂದ ಸಂಜೆಯವರೆಗೆ ಅತ್ತಿಂದಿತ್ತ ಓಡಾಡುವುದು, ಕಾಂಕ್ರೀಟ್ ಪಂಪು ಎರಡು ಸಿಲಿಂಡರುಗಳಿಂದ ಸರದಿಯಂತೆ ಕಾಂಕ್ರೀಟನ್ನು ಮಹಡಿಗೆ ತಳ್ಳುವುದು, ಜೆಸಿಬಿ ತೋಳಿಗೆ ಕಟ್ಟಿದ ಬ್ರೇಕರ್ ನಿಮಿಷಕ್ಕೆ ನೂರಾರು ಏಟು ಹಾಕಿ ಬಂಡೆ ಒಡೆಯುವುದು ಎಲ್ಲವೂ ಈ ಕವಾಟದ ಬಲದಿಂದ. ಚಾಮರಾಜನಗರ ಜಿಲ್ಲೆಯ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಜನ ಇದನ್ನು ಕಣ್ಣಾರೆ ಕಂಡಿರುವುದು ಕಡಿಮೆ. ಇದು ಯಂತ್ರದ ಹೊಟ್ಟೆಯೊಳಗೆ ಇರುತ್ತದೆ. ಇದರ ಸದ್ದನ್ನು ಮಾತ್ರ ದಿನವೂ ಕೇಳುತ್ತಾರೆ. ಕಲ್ಲುಕ್ವಾರಿಯ ಬ್ರೇಕರ್, ಗುಳಿ ಹೊಡೆಯುವ ಜಾಕ್‌ಹ್ಯಾಮರ್, ಬೋರ್‌ವೆಲ್ ಲಾರಿಯ ಹ್ಯಾಮರ್ ಮೂರೂ ಒಂದೇ ತತ್ತ್ವದ ಮಕ್ಕಳು.

ಸಿಲಿಂಡರ್ ಮತ್ತು ಸ್ಪೂಲ್

ಹೈಡ್ರಾಲಿಕ್ ಸಿಲಿಂಡರ್ ಎಂದರೆ ಒಳಮೈ ನುಣುಪಾಗಿ ತಿದ್ದಿದ ಉಕ್ಕಿನ ಕೊಳವೆ. ಅದರೊಳಗೆ ರಬ್ಬರ್ ಅಥವಾ ಪಾಲಿಯುರಿಥೇನ್ ಸೀಲ್ ತೊಟ್ಟ ಪಿಸ್ಟನ್ ಇರುತ್ತದೆ. ಕನ್ನಡದ ಪಠ್ಯಗಳಲ್ಲಿ ಇದನ್ನು ಆಡುಬೆಣೆ ಎಂದೂ ಕರೆದಿದ್ದಾರೆ. ಪಿಸ್ಟನ್ನಿಗೆ ಜೋಡಿಸಿದ ರಾಡ್ ಕೊಳವೆಯ ಒಂದು ತುದಿಯಿಂದ ಹೊರಗೆ ಬಂದು ಕೆಲಸ ಮಾಡುತ್ತದೆ. ಕೊಳವೆಯ ಎರಡು ತುದಿಗೂ ಒಂದೊಂದು ಎಣ್ಣೆಯ ಬಾಯಿ. ಹಿಂಬದಿಯ ಬಾಯಿಗೆ ಎಣ್ಣೆ ತುಂಬಿದರೆ ರಾಡ್ ಹೊರಕ್ಕೆ, ಮುಂಬದಿಯ ಬಾಯಿಗೆ ತುಂಬಿದರೆ ಒಳಕ್ಕೆ. ಒಂದು ಕಡೆ ಎಣ್ಣೆ ಒಳಬರುವಾಗ ಇನ್ನೊಂದು ಕಡೆಯ ಎಣ್ಣೆ ಟ್ಯಾಂಕಿಗೆ ಮರಳಲು ದಾರಿ ಬೇಕು.

ಈ ಎರಡು ದಾರಿಗಳನ್ನು ಅದಲುಬದಲು ಮಾಡುವುದು ದಿಕ್ಕುಬದಲು ಕವಾಟ. ಎರಕದ ಕಬ್ಬಿಣದ ಗಟ್ಟಿಯಲ್ಲಿ ನೇರವಾಗಿ ಕೊರೆದ ಒಂದು ರಂಧ್ರ. ಅದರೊಳಗೆ ಜಾರಾಡುವ ಸ್ಪೂಲ್ ಎಂಬ ಉಕ್ಕಿನ ಕಡ್ಡಿ. ಸ್ಪೂಲಿನ ಮೈಯಲ್ಲಿ ಅಲ್ಲಲ್ಲಿ ಸೊಂಟ ಕಡೆದಂತೆ ತೋಡುಗಳಿರುತ್ತವೆ. ಪಂಪಿನ ಬಾಯಿ, ಟ್ಯಾಂಕಿನ ಬಾಯಿ, ಸಿಲಿಂಡರಿನ ಎರಡು ಬಾಯಿಗಳು ಈ ರಂಧ್ರದ ಗೋಡೆಗೆ ಬಂದು ಸೇರುತ್ತವೆ. ಸ್ಪೂಲ್ ಎಡಕ್ಕಿದ್ದರೆ ಪಂಪಿನ ಎಣ್ಣೆ ಸಿಲಿಂಡರಿನ ಒಂದು ಬದಿಗೆ, ಬಲಕ್ಕೆ ಸರಿದರೆ ಇನ್ನೊಂದು ಬದಿಗೆ. ಸ್ಪೂಲಿಗೂ ರಂಧ್ರಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು. ಆ ಸಂದಿನಲ್ಲಿ ಸೀಲ್ ಇಲ್ಲ, ಎಣ್ಣೆಯ ತೆಳು ಪದರವೇ ಅಲ್ಲಿ ಸೀಲ್. ಕೈಯಿಂದ ಹಿಡಿ ಎಳೆದು ಸ್ಪೂಲನ್ನು ಸರಿಸಿದರೆ ಅದು ಸಾಮಾನ್ಯ ಕವಾಟ. ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಹಿಡಿ ಈ ಬಗೆಯದು. ಸಿಲಿಂಡರಿನ ಚಲನೆಯೇ, ಇಲ್ಲವೇ ಅದರೊಳಗಿನ ಒತ್ತಡವೇ ಸ್ಪೂಲನ್ನು ಸರಿಸಿದರೆ ಅದು ಸ್ವಯಂ ದಿಕ್ಕುಬದಲು ಕವಾಟವಾಗುತ್ತದೆ.

ನಡುಬಿಂದುವಿನ ತೊಡಕು

ಮೇಲ್ನೋಟಕ್ಕೆ ಇದು ಸುಲಭವೆನಿಸುತ್ತದೆ. ರಾಡಿಗೆ ಒಂದು ತಟ್ಟುಗೂಟ ಕಟ್ಟಿ, ಅದು ತುದಿಗೆ ಬಂದಾಗ ಸ್ಪೂಲನ್ನು ನೂಕುವಂತೆ ಮಾಡಿದರೆ ಸಾಕಲ್ಲವೇ? ಮಾಡಿ ನೋಡಿದವರಿಗೆ ತೊಡಕು ತಿಳಿಯುತ್ತದೆ. ತಟ್ಟುಗೂಟ ಸ್ಪೂಲನ್ನು ನೂಕುತ್ತಾ ಹೋದಂತೆ ಸ್ಪೂಲ್ ನಡುವಿಗೆ ಬರುತ್ತದೆ. ನಡುವಿನಲ್ಲಿ ಎಲ್ಲ ಬಾಯಿಗಳೂ ಮುಚ್ಚುತ್ತವೆ. ಎಣ್ಣೆ ನಿಂತಿತು, ಪಿಸ್ಟನ್ ನಿಂತಿತು, ಪಿಸ್ಟನ್ ನಿಂತದ್ದರಿಂದ ತಟ್ಟುಗೂಟವೂ ನಿಂತಿತು. ಸ್ಪೂಲ್ ಆಚೆ ದಾಟಲಿಲ್ಲ, ಈಚೆಗೂ ಬರಲಿಲ್ಲ. ತಾನು ಓಡಲು ಬೇಕಾದ ದಾರಿಯನ್ನು ಯಂತ್ರ ತಾನೇ ಮುಚ್ಚಿಕೊಂಡಿತು. ಸ್ವಯಂ ದಿಕ್ಕುಬದಲು ಕವಾಟದ ಇಡೀ ವಿದ್ಯೆ ಈ ನಡುಬಿಂದುವನ್ನು ನಿಲ್ಲದೆ ದಾಟುವ ವಿದ್ಯೆ.

ದಾಟಿದ ಮೇಲೆ ಇನ್ನೊಂದು ಗುಣ ಬೇಕು, ಅದು ನೆನಪು. ಪಿಸ್ಟನ್ ತುದಿ ಬಿಟ್ಟು ಹಿಂದಕ್ಕೆ ಹೊರಟ ಕ್ಷಣದಲ್ಲೇ ತಟ್ಟುಗೂಟ ಸ್ಪೂಲಿನಿಂದ ದೂರವಾಗುತ್ತದೆ. ಆಗ ಸ್ಪೂಲ್ ಮೊದಲಿನ ಜಾಗಕ್ಕೆ ಮರಳಿದರೆ ಪಿಸ್ಟನ್ ಮತ್ತೆ ಮುಂದಕ್ಕೆ ನುಗ್ಗಿ, ತುದಿಯಲ್ಲೇ ಗಡಗಡ ನಡುಗುತ್ತಾ ಉಳಿಯುತ್ತದೆ. ಇನ್ನೊಂದು ತುದಿಯಿಂದ ಸೂಚನೆ ಬರುವವರೆಗೆ ಸ್ಪೂಲ್ ತನಗೆ ಕೊಟ್ಟ ಕೊನೆಯ ಆಜ್ಞೆಯಲ್ಲೇ ಗಟ್ಟಿಯಾಗಿ ನಿಲ್ಲಬೇಕು.

ನಡು ದಾಟಿಸಲು ಮೂರು ಉಪಾಯಗಳು ಬಳಕೆಯಲ್ಲಿವೆ. ಮೊದಲನೆಯದು ಸ್ಪ್ರಿಂಗಿನಲ್ಲಿ ಬಲ ಕೂಡಿಡುವುದು. ತಟ್ಟುಗೂಟ ಮೊದಲು ಸ್ಪ್ರಿಂಗನ್ನು ಅದುಮುತ್ತದೆ. ಒಂದು ಮಿತಿ ಮೀರಿದಾಗ ಸ್ಪ್ರಿಂಗ್ ಚಟಕ್ಕನೆ ಬಿಡುಗಡೆಯಾಗಿ ಸ್ಪೂಲನ್ನು ಆಚೆಗೆ ಎಸೆಯುತ್ತದೆ. ಮನೆಯ ಗೋಡೆಯ ವಿದ್ಯುತ್ ಸ್ವಿಚ್ಚು ನಡುವಿನಲ್ಲಿ ನಿಲ್ಲದೆ ಟಕ್ಕೆಂದು ಬೀಳುವುದೂ ಹೀಗೆಯೇ. ಎರಡನೆಯದು ಚಲಿಸುವ ತೂಕದ ಓಘ. ಭಾರವಾದ ಮೇಜು ಎಣ್ಣೆ ನಿಂತರೂ ಇನ್ನೂ ಒಂದಿಷ್ಟು ಮುಂದೆ ಜಾರಿ ಸ್ಪೂಲನ್ನು ದಾಟಿಸಿಬಿಡುತ್ತದೆ. ಆದರೆ ನಿಧಾನವಾಗಿ ಓಡಿಸಿದರೆ ಈ ಉಪಾಯ ಕೈಕೊಡುತ್ತದೆ. ಮೂರನೆಯದು ಪೈಲಟ್ ಕವಾಟ: ಒಂದು ಸಣ್ಣ ಕವಾಟ ಮೊದಲು ತಿರುಗಿ, ಅದರ ಮೂಲಕ ಹರಿದ ಎಣ್ಣೆ ದೊಡ್ಡ ಸ್ಪೂಲನ್ನು ನೂಕುತ್ತದೆ. ದೊಡ್ಡ ಸ್ಪೂಲನ್ನು ಸರಿಸುವ ಬಲ ಪಂಪಿನಿಂದಲೇ ಬರುವುದರಿಂದ ಪಿಸ್ಟನ್ ನಿಂತರೂ ಸ್ಪೂಲ್ ನಿಲ್ಲುವುದಿಲ್ಲ.

ಚರಿತ್ರೆ

ಹಳೆ ಮೈಸೂರಿನ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ನೀರು ತುಂಬಿದ ಚರ್ಮದ ಬಾನಿ ಮೇಲೇರುತ್ತಿತ್ತು. ಬಾನಿಯ ಬಾಲಕ್ಕೆ ಕಟ್ಟಿದ ಸಣ್ಣ ಹಗ್ಗದ ಅಳತೆ ಎಷ್ಟು ಲೆಕ್ಕದ್ದೆಂದರೆ, ಬಾನಿ ಮೇಲೆ ಬಂದೊಡನೆ ಬಾಲ ತೊಟ್ಟಿಯ ಅಂಚಿಗೆ ಎಳೆಯಲ್ಪಟ್ಟು ನೀರು ತಾನಾಗಿ ಸುರಿಯುತ್ತಿತ್ತು. ಸುರಿಯುವುದು ತಾನಾಗಿ ನಡೆದರೂ ಎತ್ತುಗಳನ್ನು ಹಿಂದಕ್ಕೆ ನಡೆಸಲು ಆಳು ಬೇಕೇ ಬೇಕಿತ್ತು. ಓಟದ ತುದಿಯಲ್ಲಿ ನಿಲ್ಲುವ ಆ ಆಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಕಥೆಯೇ ಈ ಕವಾಟದ ಚರಿತ್ರೆ.

1712ರಲ್ಲಿ ಇಂಗ್ಲೆಂಡಿನ ಥಾಮಸ್ ನ್ಯೂಕೊಮೆನ್ ಗಣಿಯ ನೀರೆತ್ತುವ ಉಗಿಯಂತ್ರ ನಿಲ್ಲಿಸಿದ. ಅದರ ಕವಾಟಗಳನ್ನು ತೆರೆದು ಮುಚ್ಚಲು ನಿಂತಿದ್ದ ಹಂಫ್ರಿ ಪಾಟರ್ ಎಂಬ ಹುಡುಗ ಹಗ್ಗ ಕಟ್ಟಿ ಯಂತ್ರವೇ ಕವಾಟ ಎಳೆದುಕೊಳ್ಳುವಂತೆ ಮಾಡಿದ ಎಂಬ ಕಥೆ ಪ್ರಸಿದ್ಧವಾಗಿದೆ. ಕಥೆಯ ನಿಜ ಏನೇ ಇರಲಿ, 1718ರ ಹೊತ್ತಿಗೆ ಹೆನ್ರಿ ಬೈಟನ್ ಗೂಟಗಳಿದ್ದ ದಂಡದಿಂದ ಕವಾಟಗಳನ್ನು ತಾನಾಗಿ ತಿರುಗಿಸುವ ಏರ್ಪಾಡನ್ನು ಸುಧಾರಿಸಿದ್ದ. 1749ರಲ್ಲಿ ಇಂದಿನ ಸ್ಲೊವಾಕಿಯದ ಬಾನ್ಸ್ಕಾ ಶ್ಟ್ಯಾವ್ನಿತ್ಸ ಗಣಿಗಳಲ್ಲಿ ಯೋಝೆಫ್ ಕರೋಲ್ ಹೆಲ್, ಎತ್ತರದಿಂದ ಇಳಿಯುವ ನೀರಿನ ಒತ್ತಡದಿಂದ ಪಿಸ್ಟನ್ ಓಡಿಸುವ ಯಂತ್ರ ಕಟ್ಟಿದ. 1817ರಲ್ಲಿ ಬವೇರಿಯದ ಬೆರ್ಖ್ಟೆಸ್‌ಗಾಡೆನ್ ಬಳಿ ಗಿಯಾರ್ಗ್ ಫಾನ್ ರೈಖೆನ್‌ಬಾಖ್, ಉಪ್ಪುನೀರನ್ನು ಬೆಟ್ಟ ಹತ್ತಿಸಲು ಇಂಥದೇ ನೀರೊತ್ತಡದ ಯಂತ್ರ ನಿಲ್ಲಿಸಿದ. ಅದರಲ್ಲಿ ಸಣ್ಣ ಪಿಸ್ಟನ್ ತಿರುಗಿ ದೊಡ್ಡ ಕವಾಟವನ್ನು ನೀರಿನ ಬಲದಿಂದಲೇ ಸರಿಸುತ್ತಿತ್ತು. ಇಂದಿನ ಪೈಲಟ್ ಕವಾಟದ ಅಜ್ಜ ಅದೇ.

ಅಮೆರಿಕದ ಹೆನ್ರಿ ವರ್ದಿಂಗ್ಟನ್ 19ನೇ ಶತಮಾನದ ನಡುವಿನಲ್ಲಿ ಬೇರೊಂದು ಜಾಣ ದಾರಿ ಹಿಡಿದ. ಅವನ ಜೋಡಿ ಪಂಪಿನಲ್ಲಿ ಎರಡು ಸಿಲಿಂಡರುಗಳು ಅಕ್ಕಪಕ್ಕ. ಒಂದರ ಪಿಸ್ಟನ್ ಇನ್ನೊಂದರ ಕವಾಟವನ್ನು ತಿರುಗಿಸುತ್ತದೆ. ಒಬ್ಬ ನಿಲ್ಲುವ ಹೊತ್ತಿಗೆ ಇನ್ನೊಬ್ಬ ಓಡುತ್ತಿರುವುದರಿಂದ ನಡುಬಿಂದುವಿನಲ್ಲಿ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಇದಕ್ಕೂ ಎಷ್ಟೋ ಮೊದಲು, ಬ್ಲೇಸ್ ಪಾಸ್ಕಲ್ ಹೇಳಿದ ಒತ್ತಡದ ನಿಯಮವನ್ನು ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ತನ್ನ ಪ್ರೆಸ್ಸಿನಲ್ಲಿ ದುಡಿಸಿದ್ದ. ಅಂದಿನಿಂದ ಬಹುಕಾಲ ನೀರೇ ಒತ್ತಡದ ದ್ರವವಾಗಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ನೀರಿನ ಜಾಗಕ್ಕೆ ಎಣ್ಣೆ ಬಂದ ಮೇಲೆ ತುಕ್ಕು ತಗ್ಗಿತು, ಸ್ಪೂಲಿಗೆ ಜಾರುಗುಣ ಸಿಕ್ಕಿತು, ಕವಾಟಗಳು ಅಂಗೈಯಗಲಕ್ಕೆ ಇಳಿದವು.

ವಿಧಗಳು

ತುದಿ ಬಂತೆಂದು ಕವಾಟಕ್ಕೆ ಹೇಗೆ ತಿಳಿಯುತ್ತದೆ ಎಂಬುದರ ಮೇಲೆ ವಿಧಗಳನ್ನು ಗುರುತಿಸಬಹುದು.

*ತಟ್ಟುಗೂಟದ ಬಗೆ.* ಓಡುವ ಭಾಗಕ್ಕೆ ಬೇಕಾದ ಕಡೆ ಬಿಗಿಯಬಹುದಾದ ಎರಡು ಗೂಟಗಳಿರುತ್ತವೆ. ಅವು ಹೋಗಿ ಒಂದು ಹಿಡಿಯನ್ನು ತಟ್ಟುತ್ತವೆ. ಗೂಟಗಳ ಅಂತರ ಬದಲಿಸಿದರೆ ಓಟದ ಉದ್ದ ಬದಲಾಗುತ್ತದೆ. ಗ್ರೈಂಡಿಂಗ್ ಯಂತ್ರದ ಮೇಜಿನ ಮುಂದೆ ಕಾಣುವುದು ಇದೇ. ಅಲ್ಲಿ ತಟ್ಟುಗೂಟ ಪೈಲಟ್ ಕವಾಟವನ್ನಷ್ಟೇ ತಿರುಗಿಸುತ್ತದೆ. ಮೇಜು ಜಗ್ಗದೆ ಮೆಲ್ಲನೆ ತಿರುಗುವಂತೆ ಪೈಲಟ್ ಎಣ್ಣೆಯನ್ನು ಕಿರಿದಾದ ತೂತಿನಿಂದ ಹಾಯಿಸಿ, ತುದಿಯಲ್ಲಿ ಅರೆಕ್ಷಣ ನಿಲ್ಲುವ ವ್ಯವಸ್ಥೆಯನ್ನೂ ಮಾಡಿರುತ್ತಾರೆ.

*ಒತ್ತಡದ ಬಗೆ.* ಪಿಸ್ಟನ್ ತುದಿ ಮುಟ್ಟಿ ಮುಂದೆ ಹೋಗಲಾರದೆ ನಿಂತಾಗ ಎಣ್ಣೆಯ ಒತ್ತಡ ಥಟ್ಟನೆ ಏರುತ್ತದೆ. ಆ ಏರಿಕೆಯೇ ಸೂಚನೆ. ಸ್ಪೂಲನ್ನು ಒಂದು ಕಚ್ಚು ಹಿಡಿದಿರುತ್ತದೆ. ನಿಗದಿ ಮಾಡಿದ ಒತ್ತಡ ಮೀರಿದಾಗ ಕಚ್ಚು ಬಿಡುತ್ತದೆ. ಸೌದೆ ಸೀಳುವ ಯಂತ್ರಗಳಲ್ಲಿ ಹಿಡಿಯನ್ನು ಒಮ್ಮೆ ಹಿಂದಕ್ಕೆ ತಳ್ಳಿದರೆ ರಾಡ್ ಪೂರಾ ಒಳಸೇರಿ, ಹಿಡಿ ತಾನಾಗಿ ನಡುವಿಗೆ ಮರಳುವುದು ಈ ಉಪಾಯದಿಂದ. ಹೊರಗೆ ಗೂಟ, ತಂತಿ ಏನೂ ಬೇಡವಾದ್ದರಿಂದ ಇದು ಅಗ್ಗ. ಆದರೆ ಈ ಕವಾಟಕ್ಕೆ ತುದಿಗೂ ಅಡ್ಡಿಗೂ ಭೇದ ಗೊತ್ತಿಲ್ಲ. ನಡುದಾರಿಯಲ್ಲಿ ಗಟ್ಟಿ ಗಂಟು ಎದುರಾದರೂ ತುದಿ ಬಂತೆಂದು ತಿರುಗಿಬಿಡುತ್ತದೆ.

*ಪಿಸ್ಟನ್ನೇ ಸೂಚಕವಾದ ಬಗೆ.* ಸಿಲಿಂಡರಿನ ಗೋಡೆಯಲ್ಲಿ ಸಣ್ಣ ಬಾಯಿಗಳಿರುತ್ತವೆ. ಪಿಸ್ಟನ್ ಅವುಗಳನ್ನು ದಾಟಿ ಹೋದಾಗ ಮುಚ್ಚಿದ್ದ ಬಾಯಿ ತೆರೆದು, ಒತ್ತಡದ ಎಣ್ಣೆ ಸೂಚನೆಯಾಗಿ ಕವಾಟಕ್ಕೆ ಹೋಗುತ್ತದೆ. ಹೊರಗಿನಿಂದ ಯಾವ ಕೊಂಡಿಯೂ ಕಾಣುವುದಿಲ್ಲ. ಬಂಡೆ ಒಡೆಯುವ ಬ್ರೇಕರ್ ಈ ಕುಲದ್ದು.

*ವಿದ್ಯುತ್ತಿನ ಬಗೆ.* ತುದಿಯಲ್ಲಿ ಲಿಮಿಟ್ ಸ್ವಿಚ್ಚು ಅಥವಾ ಲೋಹ ಹತ್ತಿರ ಬಂದರೆ ಅರಿಯುವ ಸೆನ್ಸರ್ ಇಟ್ಟು, ಅದರ ಸಂಕೇತದಿಂದ ಸ್ಪೂಲನ್ನು ಸರಿಸುವ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸುರುಳಿಗೆ ಸಾಮಾನ್ಯವಾಗಿ 24 ವೋಲ್ಟ್ ಕೊಡುತ್ತಾರೆ. ಇಂದಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಇವೇ. ಎರಡು ಸುರುಳಿ ಮತ್ತು ಕಚ್ಚು ಇರುವ ಕವಾಟವಾದರೆ ಕರೆಂಟು ಹೋದರೂ ಸ್ಪೂಲ್ ಇದ್ದ ಜಾಗದಲ್ಲೇ ಉಳಿಯುತ್ತದೆ. ಒಂದೇ ಸುರುಳಿ ಮತ್ತು ಮರಳಿಸುವ ಸ್ಪ್ರಿಂಗ್ ಇದ್ದರೆ ನೆನಪನ್ನು ಹೊರಗಿನ ರಿಲೇ ಅಥವಾ ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ ಇಟ್ಟುಕೊಳ್ಳಬೇಕು.

*ಜೋಡಿ ಸಿಲಿಂಡರಿನ ಬಗೆ.* ವರ್ದಿಂಗ್ಟನ್ನನ ಉಪಾಯದ ಮುಂದುವರಿಕೆ. 1957ರಲ್ಲಿ ಜರ್ಮನಿಯ ಶ್ವಿಂಗ್ ಸಂಸ್ಥೆ ತಂದ ಎರಡು ಸಿಲಿಂಡರುಗಳ ಹೈಡ್ರಾಲಿಕ್ ಕಾಂಕ್ರೀಟ್ ಪಂಪು ಇದಕ್ಕೆ ದೊಡ್ಡ ನಿದರ್ಶನ. ಒಂದು ಸಿಲಿಂಡರ್ ಕಾಂಕ್ರೀಟನ್ನು ಪೈಪಿಗೆ ತಳ್ಳುವಾಗ ಇನ್ನೊಂದು ತೊಟ್ಟಿಯಿಂದ ಎಳೆದುಕೊಳ್ಳುತ್ತದೆ. ಓಟ ಮುಗಿದಾಗ ಎರಡರ ದಿಕ್ಕೂ ಬದಲಾಗುತ್ತದೆ. ಈಗಿನ ಪಂಪುಗಳಲ್ಲಿ ಹೆಚ್ಚಾಗಿ ಕಾಣುವ ಎಸ್ ಆಕಾರದ ಕೊಳವೆಯೂ ಅದೇ ಕ್ಷಣಕ್ಕೆ ಒಂದರ ಬಾಯಿಂದ ಇನ್ನೊಂದರ ಬಾಯಿಗೆ ಹೊರಳುತ್ತದೆ. ತಾರಸಿ ಹಾಕುವ ದಿನ ಪೈಪು ಕ್ಷಣಕ್ಕೊಮ್ಮೆ ದಡ್ಡೆಂದು ಜಗ್ಗುವುದನ್ನು ನೋಡಿದವರು ನೋಡುತ್ತಿರುವುದು ಕವಾಟ ತಿರುಗುವ ಗಳಿಗೆಯನ್ನೇ.

ಒಂದು ಲೆಕ್ಕ

63 ಮಿ.ಮೀ. ಒಳವ್ಯಾಸದ, 35 ಮಿ.ಮೀ. ರಾಡಿನ, 40 ಸೆಂ.ಮೀ. ಓಟದ ಒಂದು ಸಿಲಿಂಡರ್ ತೆಗೆದುಕೊಳ್ಳೋಣ. ಪಂಪು ನಿಮಿಷಕ್ಕೆ 20 ಲೀಟರ್ ಎಣ್ಣೆ ಕೊಡುತ್ತದೆ, ಒತ್ತಡ 100 ಬಾರ್. ಪಿಸ್ಟನ್ನಿನ ಪೂರ್ಣ ವಿಸ್ತೀರ್ಣ ಸುಮಾರು 31.2 ಚದರ ಸೆಂ.ಮೀ.; ಹೊರಕ್ಕೆ ತಳ್ಳುವ ಬಲ ಸುಮಾರು 3.2 ಟನ್. ರಾಡಿನ ಕಡೆ ಉಳಿಯುವ ವಿಸ್ತೀರ್ಣ 21.6 ಚದರ ಸೆಂ.ಮೀ.; ಒಳಕ್ಕೆ ಎಳೆಯುವ ಬಲ 2.2 ಟನ್. ಹೊರಗೆ ಹೋಗಲು 3.7 ಸೆಕೆಂಡ್, ಒಳಗೆ ಬರಲು 2.6 ಸೆಕೆಂಡ್, ಒಂದು ಸುತ್ತಿಗೆ 6.3 ಸೆಕೆಂಡ್. ನಿಮಿಷಕ್ಕೆ ಒಂಬತ್ತು ಸುತ್ತು ಸಿಗುತ್ತದೆ. ಇದಕ್ಕೆ ಸುಮಾರು 5 ಎಚ್‌ಪಿ ಮೋಟಾರು ಬೇಕಾಗುತ್ತದೆ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ರಾಡ್ ಒಳಬರುವಾಗ ಪಂಪಿನ 20 ಲೀಟರ್ ಸಣ್ಣ ಕಡೆಗೆ ಹೋಗುತ್ತದೆ, ಆದರೆ ದೊಡ್ಡ ಕಡೆಯಿಂದ ಹೊರಬೀಳುವ ಎಣ್ಣೆ ನಿಮಿಷಕ್ಕೆ 29 ಲೀಟರ್. ಕವಾಟ, ಮರಳುವ ದಾರಿಯ ಹೋಸ್, ಫಿಲ್ಟರ್ ಮೂರನ್ನೂ 20 ಲೀಟರಿಗೆಂದು ಆರಿಸಿದರೆ ಮರಳುವ ದಾರಿ ಕಟ್ಟಿಕೊಂಡು ಎಣ್ಣೆ ಕಾಯುತ್ತದೆ. ಒತ್ತಡದ ಬಗೆಯ ಕವಾಟವಾಗಿದ್ದರೆ ಆ ಅಡ್ಡಿಯನ್ನೇ ತುದಿಯೆಂದು ತಿಳಿದು ನಡುದಾರಿಯಲ್ಲೇ ತಿರುಗಿಬಿಡಬಹುದು. ಇನ್ನೊಂದು ಲೆಕ್ಕವೂ ಮುಖ್ಯ. ಕೆಲಸದ ಒತ್ತಡ 100 ಬಾರ್ ಇದ್ದರೆ ತಿರುಗುವ ಒತ್ತಡವನ್ನು ಅದಕ್ಕಿಂತ ಮೇಲೆ, ಉದಾಹರಣೆಗೆ 120ಕ್ಕೆ, ಮತ್ತು ಮಿತಿಮೀರಿದ ಒತ್ತಡದ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ಕವಾಟವನ್ನು ಅದಕ್ಕೂ ಮೇಲೆ, 140ಕ್ಕೆ ಇಡಬೇಕು. ರಿಲೀಫ್ ಕೆಳಗಿದ್ದರೆ ಎಣ್ಣೆ ಅದರ ಮೂಲಕವೇ ಸುರಿದುಹೋಗಿ ಒತ್ತಡ 120 ಮುಟ್ಟುವುದೇ ಇಲ್ಲ; ಯಂತ್ರ ತುದಿಯಲ್ಲಿ ಗುಂಯ್ಗುಡುತ್ತಾ ನಿಲ್ಲುತ್ತದೆ.

ಯಳಂದೂರು, ಕೊಳ್ಳೇಗಾಲದ ಕಲ್ಲಿನ ಸೀಮೆಯಲ್ಲಿ

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ ಕಲ್ಲಿನಲ್ಲಿ ಕಡೆದ ಬಳೆಗಳಿಂದ ಹೆಸರಾದದ್ದು. ಅದನ್ನು ಕಡೆದ ಕೈ ಮಾಡಿದ್ದು ಎರಡೇ ಕೆಲಸ: ಸುತ್ತಿಗೆಯನ್ನು ಹಿಂದಕ್ಕೆ ಎತ್ತುವುದು, ಉಳಿಯ ತಲೆಗೆ ಬೀಳಿಸುವುದು. ಈ ಜಿಲ್ಲೆಯ ಕರಿಕಲ್ಲು ಕಪ್ಪು ಗ್ರಾನೈಟ್ ಎಂಬ ಹೆಸರಿನಲ್ಲಿ ದೇಶ ದಾಟಿ ಹೋಗುತ್ತದೆ. ಭೂವಿಜ್ಞಾನಿಗಳು ಇದನ್ನು ಡೋಲರೈಟ್ ಎಂಬ ಅಗ್ನಿಶಿಲೆಯ ಗುಂಪಿಗೆ ಸೇರಿಸುತ್ತಾರೆ. ಹಳೆಯ ಬಂಡೆಯ ಬಿರುಕುಗಳಲ್ಲಿ ಉಕ್ಕಿ ಗಟ್ಟಿಯಾದ ಕಲ್ಲು ಇದು. ಇದನ್ನು ಕ್ವಾರಿಯಿಂದ ಎತ್ತುವ ಯಂತ್ರಗಳು ಮಾಡುವುದೂ ಆ ಎರಡೇ ಕೆಲಸ. ಎತ್ತುವುದರಿಂದ ಬೀಳಿಸುವುದಕ್ಕೆ, ಬೀಳಿಸುವುದರಿಂದ ಎತ್ತುವುದಕ್ಕೆ ತಿರುಗಿಸುವ ಭಾರ ಮಾತ್ರ ಕವಾಟದ್ದು.

ಬೆಲೆಬಾಳುವ ದಿಮ್ಮಿಯನ್ನು ಬಿಡಿಸುವಾಗ ಸಾಲಾಗಿ ಗುಳಿ ಹೊಡೆದು, ಬೆಣೆ ಬಡಿದು ಸೀಳುವುದು ಹಳೆಯ ಕ್ರಮ. ಗುಳಿ ಹೊಡೆಯುವ ಜಾಕ್‌ಹ್ಯಾಮರ್ ಗಾಳಿಯಿಂದ ಓಡುತ್ತದೆ. ಕಂಪ್ರೆಸರಿನಿಂದ 5ರಿಂದ 7 ಬಾರ್ ಒತ್ತಡದಲ್ಲಿ ಬಂದ ಗಾಳಿ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುತ್ತದೆ. ತಿರುಗಿಸುವುದು ಒಂದು ಪುಟ್ಟ ಕವಾಟ. ದ್ರವದ ಬದಲು ಗಾಳಿ ಎಂಬುದನ್ನು ಬಿಟ್ಟರೆ ತತ್ತ್ವ ಬೇರೆಯಲ್ಲ. ಇಂಥ ಗಾಳಿಯಂತ್ರಗಳು ಯೂರೋಪಿನ ಆಲ್ಪ್ಸ್ ಪರ್ವತದ ಸುರಂಗದಲ್ಲಿ 1861ರಲ್ಲಿ ಜೆರ್ಮೇನ್ ಸೊಮ್ಮೆಯೆ ಕೈಯಲ್ಲಿ ಹೆಸರು ಮಾಡಿದವು. ಮುಂದೆ ಕೋಲಾರದ ಚಿನ್ನದ ಗಣಿಗಳ ಆಳದಲ್ಲೂ ಬಂಡೆ ಕೊರೆದವು.  

ಹೈಡ್ರಾಲಿಕ್ ಬ್ರೇಕರ್ ಬಂದದ್ದು ತಡವಾಗಿ. ಜರ್ಮನಿಯ ಕ್ರುಪ್ ಸಂಸ್ಥೆ 1967ರಲ್ಲಿ ಅಗೆಯುವ ಯಂತ್ರದ ತೋಳಿಗೆ ಕಟ್ಟುವ ಬ್ರೇಕರನ್ನು ಹೊರತಂದಿತು. ದಿಮ್ಮಿ ತೆಗೆಯುವ ಕಡೆ ಇದನ್ನು ಬಳಸಿದರೆ ಒಳ್ಳೆಯ ಕಲ್ಲಿಗೂ ಬಿರುಕು ಬೀಳುತ್ತದೆ. ಆದ್ದರಿಂದ ಬೇಡದ ಬಂಡೆ ಒಡೆಯಲು, ಜಲ್ಲಿಗೆ ದೊಡ್ಡ ಗುಂಡು ಚೂರು ಮಾಡಲು, ರಸ್ತೆಗೆ, ಬಾವಿಗೆ, ಪಾಯಕ್ಕೆ ಇದರ ಬಳಕೆ.

ಬ್ರೇಕರಿನ ಒಳಗನ್ನು ಒಂದು ಏಟಿನ ಅವಧಿಯಲ್ಲಿ ನೋಡೋಣ. ಪಿಸ್ಟನ್ನಿನ ಕೆಳಗಡೆಯ ಕಿರಿದಾದ ಅಂಚಿಗೆ ಪಂಪಿನ ಒತ್ತಡ ಸದಾ ತಾಗಿರುತ್ತದೆ. ಮೇಲ್ಗಡೆಯ ಅಗಲವಾದ ಅಂಚು ಟ್ಯಾಂಕಿಗೆ ತೆರೆದಿದ್ದಾಗ ಪಿಸ್ಟನ್ ಮೇಲೇರುತ್ತದೆ. ಏರುತ್ತಾ ತಲೆಯ ಕೋಣೆಯಲ್ಲಿ ತುಂಬಿಟ್ಟ ನೈಟ್ರೋಜನ್ ಅನಿಲವನ್ನು ಅದುಮುತ್ತದೆ. ಒಂದು ಎತ್ತರಕ್ಕೆ ಬಂದಾಗ ಅದರ ಅಂಚು ಗೋಡೆಯ ಸಣ್ಣ ಬಾಯಿಯನ್ನು ತೆರೆಯುತ್ತದೆ. ಆ ಬಾಯಿಯಿಂದ ಎಣ್ಣೆ ನುಗ್ಗಿ ಕವಾಟವನ್ನು ಸರಿಸುತ್ತದೆ. ಈಗ ಮೇಲ್ಗಡೆಗೂ ಒತ್ತಡ ಬಂತು. ಮೇಲಿನ ಅಗಲ ಹೆಚ್ಚಿರುವುದರಿಂದ, ಜೊತೆಗೆ ಅದುಮಿದ ಅನಿಲ ಹಿಗ್ಗುವುದರಿಂದ, ಪಿಸ್ಟನ್ ಕೆಳಕ್ಕೆ ಧಾವಿಸಿ ಉಳಿಯ ತಲೆಗೆ ಬಡಿಯುತ್ತದೆ. ಬಡಿದ ಗಳಿಗೆಗೆ ಸರಿಯಾಗಿ ಪಿಸ್ಟನ್ನಿನ ನಡುವಿನ ತೋಡು ಸೂಚನೆಯ ಬಾಯಿಯನ್ನು ಟ್ಯಾಂಕಿಗೆ ಕೂಡಿಸುತ್ತದೆ, ಕವಾಟ ಹಿಂದಕ್ಕೆ ಬೀಳುತ್ತದೆ, ಪಿಸ್ಟನ್ ಮತ್ತೆ ಏರುತ್ತದೆ. ಬ್ರೇಕರಿನ ಗಾತ್ರಕ್ಕೆ ತಕ್ಕಂತೆ ಇದು ನಿಮಿಷಕ್ಕೆ ಕೆಲವು ನೂರರಿಂದ ಸಾವಿರಕ್ಕೂ ಮೀರಿ ನಡೆಯುತ್ತದೆ. ನುರಿತ ಆಪರೇಟರ್ ಸದ್ದಿನಲ್ಲೇ ಅದರ ಆರೋಗ್ಯ ತಿಳಿಯುತ್ತಾನೆ. ಏಟು ಸಮವಾಗಿ ಬೀಳುತ್ತಿದ್ದರೆ ಕವಾಟ ಸರಿಯಿದೆ. ಎರಡು ಏಟಿಗೆ ಒಂದು ತಪ್ಪಿದರೆ ಸ್ಪೂಲ್ ಅಂಟುತ್ತಿದೆ, ಇಲ್ಲವೇ ಅನಿಲದ ಒತ್ತಡ ಹೆಚ್ಚುಕಡಿಮೆಯಾಗಿದೆ.

ಬೋರ್‌ವೆಲ್ ಲಾರಿಯ ಹ್ಯಾಮರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನೂರಾರು ಅಡಿ ಆಳದಲ್ಲಿ, ಕೊಳವೆಯ ತುದಿಯಲ್ಲಿ ಕೂತು ಬಡಿಯುವ ಈ ಗಾಳಿ ಹ್ಯಾಮರುಗಳಲ್ಲಿ ಹಲವಕ್ಕೆ ಬೇರೆ ಕವಾಟವೇ ಇಲ್ಲ. ಪಿಸ್ಟನ್ ತಾನೇ ಏರುತ್ತಾ ಇಳಿಯುತ್ತಾ ಬಾಯಿಗಳನ್ನು ಮುಚ್ಚಿ ತೆರೆದು ಗಾಳಿಯ ದಿಕ್ಕು ಬದಲಿಸುತ್ತದೆ. ನಡುಬಿಂದು ದಾಟಿಸುವುದು ಅದರ ತೂಕದ ಓಘ. ಯಾರೂ ಇಳಿದು ರಿಪೇರಿ ಮಾಡಲಾಗದ ಜಾಗದಲ್ಲಿ ಕಡಿಮೆ ಭಾಗಗಳಿರುವುದೇ ಕ್ಷೇಮ.

ಕರ್ನಾಟಕದ ಕೈಗಾರಿಕೆಯಲ್ಲಿ

ಹೈಡ್ರಾಲಿಕ್ ವಿದ್ಯೆ ಕನ್ನಡ ನಾಡಿಗೆ ವ್ಯಾಪಕವಾಗಿ ಬಂದದ್ದು ಯಂತ್ರೋಪಕರಣ ಕಾರ್ಖಾನೆಗಳ ಜೊತೆಯಲ್ಲಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಮುಂದೆ ತಯಾರಿಸಿದ ಗ್ರೈಂಡಿಂಗ್ ಯಂತ್ರಗಳ ಮೇಜುಗಳು ತಟ್ಟುಗೂಟ, ಪೈಲಟ್ ಕವಾಟಗಳಿಂದ ಓಡಾಡಿದವು. ಅಲ್ಲಿ ತರಬೇತಾದ ಕೆಲಸಗಾರರು ಈ ವಿದ್ಯೆಯನ್ನು ಸಣ್ಣ ಕಾರ್ಖಾನೆಗಳಿಗೆ ಕೊಂಡೊಯ್ದರು. 1962ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾದ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಈಗಿನ ಸಿಎಂಟಿಐ, ವಿನ್ಯಾಸಕ್ಕೂ ತರಬೇತಿಗೂ ಆಸರೆಯಾಯಿತು. 1964ರಲ್ಲಿ ಆರಂಭವಾದ ಬಿಇಎಂಎಲ್ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನೂ ಅವುಗಳ ಹೈಡ್ರಾಲಿಕ್ ಭಾಗಗಳನ್ನೂ ತಯಾರಿಸಿತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಡೈನಮ್ಯಾಟಿಕ್, ಜಪಾನಿನ ನೆರವಿನ ಯುಕೆನ್ ಇಂಡಿಯಾ, ವಿಪ್ರೊದ ಹೈಡ್ರಾಲಿಕ್ ವಿಭಾಗ ಒಂದರ ಹಿಂದೊಂದು ಬಂದವು. ಪಂಪು, ಕವಾಟ, ಸಿಲಿಂಡರ್ ಮೂರೂ ರಾಜ್ಯದಲ್ಲೇ ಸಿಗುವಂತಾಯಿತು. ಕವಾಟ ಕೂರಿಸುವ ತೂತುಗಳ ಅಳತೆಗೆ ಅಂತರರಾಷ್ಟ್ರೀಯ ಮಾನದಂಡ ಇರುವುದರಿಂದ ಒಂದು ಕಂಪನಿಯ ಕವಾಟ ಕೆಟ್ಟರೆ ಅದೇ ಅಳತೆಯ ಇನ್ನೊಂದನ್ನು ಕೂರಿಸಬಹುದು. ತಾಲ್ಲೂಕಿನ ಮೆಕ್ಯಾನಿಕ್ಕಿಗೆ ಇದು ದೊಡ್ಡ ಉಪಕಾರ.

ದೋಷ ಮತ್ತು ಆರೈಕೆ

ಈ ಕವಾಟದ ಮೊದಲ ಶತ್ರು ಕೊಳೆ. ಸಂದು ಕೆಲವೇ ಮೈಕ್ರಾನ್ ಇರುವಾಗ ಕ್ವಾರಿಯ ಕಲ್ಲುಹುಡಿ, ಹೋಸಿನ ಒಳಗಿನಿಂದ ಕಿತ್ತ ರಬ್ಬರು, ಜೋಡಣೆಗೆ ಸುತ್ತಿದ ಟೆಫ್ಲಾನ್ ಟೇಪಿನ ಎಳೆ ಯಾವುದಾದರೂ ಸ್ಪೂಲನ್ನು ಹಿಡಿದು ನಿಲ್ಲಿಸಬಲ್ಲದು. ಹೋಸ್ ಬಿಚ್ಚಿದ ಕೂಡಲೆ ಎರಡು ಬಾಯಿಗೂ ಮುಚ್ಚಳ ಹಾಕುವ ಅಭ್ಯಾಸ, ಎಣ್ಣೆಯನ್ನು ಸೋಸಿ ತುಂಬುವುದು, ಮರಳುವ ದಾರಿಯ 10 ಮೈಕ್ರಾನಿನ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಈ ಮೂರರಿಂದ ಬಹುಪಾಲು ದೋಷ ತಪ್ಪುತ್ತದೆ. ನಮ್ಮ ಬಿಸಿಲಿಗೆ 46 ಅಥವಾ 68ರ ಸ್ನಿಗ್ಧತೆಯ ಎಣ್ಣೆ ಹೊಂದುತ್ತದೆ. ಯಂತ್ರ ತಯಾರಕರು ಹೇಳಿದ್ದೇ ಅಂತಿಮ. ಟ್ಯಾಂಕಿನ ಎಣ್ಣೆ 60 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತಿದ್ದರೆ ಎಲ್ಲಾದರೂ ಬಲ ಪೋಲಾಗುತ್ತಿದೆಯೇ ಎಂದು ನೋಡಬೇಕು.

ಸ್ಪೂಲ್ ಸರಿಯಿದೆಯೇ ಎಂದು ನೋಡಲು ಒಳ್ಳೆಯ ಮೆಕ್ಯಾನಿಕ್ ಯಾವ ಮೀಟರನ್ನೂ ಹುಡುಕುವುದಿಲ್ಲ. ಕವಾಟ ಬಿಚ್ಚಿ, ಸ್ಪೂಲನ್ನು ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಶುದ್ಧ ಎಣ್ಣೆ ಸವರಿ, ನೆಟ್ಟಗೆ ಹಿಡಿದ ರಂಧ್ರದ ಬಾಯಿಗೆ ಇಡುತ್ತಾನೆ. ಅದು ತನ್ನ ತೂಕಕ್ಕೇ ಮೆಲ್ಲಗೆ, ಒಂದೇ ಸಮನೆ ಇಳಿಯಬೇಕು. ನಡುವೆ ತಡೆದರೆ ಗೀರು ಬಿದ್ದಿದೆ. ಧೊಪ್ಪೆಂದು ಬಿದ್ದರೆ ಸವೆದಿದೆ. ಗೀರು ಬಿದ್ದ ಸ್ಪೂಲಿಗೆ ಉಪ್ಪುಕಾಗದ ಉಜ್ಜುವುದು ಅನೇಕ ಕಡೆ ಕಾಣುವ ತಪ್ಪು. ಉಜ್ಜಿದಷ್ಟೂ ಸಂದು ಹಿಗ್ಗಿ ಒಳಸೋರಿಕೆ ಹೆಚ್ಚುತ್ತದೆ, ಪೈಲಟ್ ಎಣ್ಣೆಗೆ ನೂಕುವ ಬಲ ಉಳಿಯುವುದಿಲ್ಲ.

ಪಿಸ್ಟನ್ ಸೀಲ್ ಸವೆದರೂ ಅಪವಾದ ಕವಾಟದ ಮೇಲೆ ಬರುತ್ತದೆ. ಒತ್ತಡದ ಬಗೆಯಲ್ಲಿ, ತುದಿ ಮುಟ್ಟಿದ ಪಿಸ್ಟನ್ನನ್ನು ಹಾದು ಎಣ್ಣೆ ಆಚೆಗೆ ಸೋರಿದರೆ ಒತ್ತಡ ಏರುವುದಿಲ್ಲ, ಕವಾಟ ತಿರುಗುವುದಿಲ್ಲ. ಹೊಸ ಕವಾಟ ತಂದು ಹಾಕಿದರೂ ಫಲವಿಲ್ಲ. ಬ್ರೇಕರಿಗೆ ಬೇರೆಯೇ ನಿಯಮಗಳಿವೆ. ಉಳಿ ಬಂಡೆಗೆ ಒತ್ತದೆ ಖಾಲಿ ಬಡಿಸಬಾರದು. ಆಗ ಪಿಸ್ಟನ್ನಿನ ಏಟು ಬಂಡೆಗೆ ಹೋಗದೆ ಬ್ರೇಕರಿನ ಮೈಗೇ ಬೀಳುತ್ತದೆ. ಒಂದೇ ಜಾಗದಲ್ಲಿ ಅರ್ಧ ನಿಮಿಷ ಬಡಿದರೂ ಕಲ್ಲು ಬಿಡದಿದ್ದರೆ ಜಾಗ ಬದಲಿಸಬೇಕು.

ಸುರಕ್ಷತೆ

ತಾನಾಗಿ ತಿರುಗುವ ಯಂತ್ರ ತಾನಾಗಿ ಹೊರಡಲೂ ಬಲ್ಲದು. ಹಳ್ಳಿಯಲ್ಲಿ ಕರೆಂಟು ಹೋಗಿ ಬರುವುದು ದಿನದ ಮಾತು. ಕರೆಂಟು ಹೋದಾಗ ಪ್ರೆಸ್ಸಿನ ಅಚ್ಚಿನೊಳಗೆ ಸಿಕ್ಕಿದ ಚೂರು ತೆಗೆಯಲು ಕೈ ಹಾಕಿದವನಿಗೆ, ಕವಾಟ ತನ್ನ ಕೊನೆಯ ಆಜ್ಞೆಯನ್ನು ಮರೆತಿಲ್ಲ ಎಂಬುದು ನೆನಪಿರಬೇಕು. ಕರೆಂಟು ಮರಳಿದ ಕ್ಷಣ ಪಿಸ್ಟನ್ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆದ್ದರಿಂದ ಕರೆಂಟು ಹೋದರೆ ತಾನಾಗಿ ಬಿಡುವ, ಮತ್ತೆ ಗುಂಡಿ ಒತ್ತಿದರೆ ಮಾತ್ರ ಹಿಡಿಯುವ ಸ್ಟಾರ್ಟರ್ ಕಡ್ಡಾಯ. ಕೈ ಹಾಕುವ ಮುನ್ನ ಮೇನ್ ಸ್ವಿಚ್ಚು ತೆಗೆದು, ಒತ್ತಡವನ್ನು ಟ್ಯಾಂಕಿಗೆ ಬಿಟ್ಟಿರಬೇಕು.

ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಮೈಯೊಳಗೆ ಹೊಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಮಾಂಸ ಸಾಯುತ್ತಿರುತ್ತದೆ. ಸೋರಿಕೆ ಎಲ್ಲಿದೆ ಎಂದು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿದರೆ ನೋವಿಲ್ಲವೆಂದು ಸುಮ್ಮನಾಗದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು. ತಡವಾದರೆ ಬೆರಳು, ಕೈ ಕಳೆದುಕೊಳ್ಳುವ ಸಂಭವವಿದೆ.

ನಿಂತ ಯಂತ್ರಕ್ಕೆ ಮೂರು ಪ್ರಶ್ನೆ

ಹಲವು ವೇಷಗಳಿದ್ದರೂ ಈ ಕವಾಟದ ಕೆಲಸ ಮೂರೇ ಮಾತಿನದು: ತುದಿಯ ಸುದ್ದಿ ತಿಳಿಯುವುದು, ನಡು ದಾಟುವುದು, ಹೊರಟ ದಿಕ್ಕನ್ನು ನೆನಪಿಡುವುದು. ಯಂತ್ರ ನಿಂತಾಗ ಕೇಳಬೇಕಾದ ಪ್ರಶ್ನೆಗಳೂ ಅವೇ. ಪಿಸ್ಟನ್ ತುದಿಯಲ್ಲಿ ಸುಮ್ಮನೆ ನಿಂತಿದ್ದರೆ ಸುದ್ದಿ ತಲುಪಿಲ್ಲ. ತಟ್ಟುಗೂಟ, ಸೆನ್ಸರ್, ರಿಲೀಫ್ ಒತ್ತಡ ನೋಡಬೇಕು. ಸ್ಪೂಲ್ ನಡುವಿನಲ್ಲಿ ಸಿಕ್ಕಿದ್ದರೆ ದಾಟುವ ಬಲ ಸಾಲದು. ಸ್ಪ್ರಿಂಗ್, ಪೈಲಟ್ ದಾರಿ, ಕೊಳೆ ನೋಡಬೇಕು. ತುದಿಯಲ್ಲೇ ನಡುಗುತ್ತಿದ್ದರೆ ನೆನಪು ಹೋಗಿದೆ. ಕಚ್ಚು ಅಥವಾ ರಿಲೇ ನೋಡಬೇಕು. ಐಟಿಐ ಓದಿದವರಿಗೂ ಓದದೆ ಕೈಯಲ್ಲೇ ಕಲಿತವರಿಗೂ ಈ ಮೂರು ಪ್ರಶ್ನೆ ಸಮಾನವಾಗಿ ದಕ್ಕುತ್ತವೆ. ಸಂತೆಮರಹಳ್ಳಿ ರಸ್ತೆಯ ಬದಿಯಲ್ಲಾಗಲಿ, ಹನೂರಿನ ಬೆಟ್ಟದ ತಪ್ಪಲಿನಲ್ಲಾಗಲಿ, ಕೆಟ್ಟು ನಿಂತ ಯಂತ್ರದ ಮುಂದೆ ಸ್ಪ್ಯಾನರ್ ಹಿಡಿಯುವ ಮೊದಲು ಇವನ್ನು ಕೇಳಿಕೊಂಡವನು ಬಿಚ್ಚಬೇಕಾದ ಬೋಲ್ಟನ್ನಷ್ಟೇ ಬಿಚ್ಚುತ್ತಾನೆ.